ಕೂಸಿಗಿಂತ ಮುಂಚೆ ಹೊಲಿದ ಕುಲಾವಿ

ನಾನು ಬ್ಲೌಸ್ ಹೊಲಿಯುವವಳು. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯೇ ನನ್ನ ಅಂಗಡಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಎದೆಸುತ್ತಳತೆ, ತೋಳಿನ ಉದ್ದ, ಕುತ್ತಿಗೆಯ ಇಳಿತ ಎಲ್ಲವೂ ನನ್ನ ಅಳತೆ ಪುಸ್ತಕದಲ್ಲಿವೆ. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರಿಗೆ ಎಷ್ಟನೆಯ ತಿಂಗಳು ಎಂಬುದು ಅವರ ಗಂಡಂದಿರಿಗಿಂತ ಮುಂಚೆ ನನ್ನ ಟೇಪಿಗೆ ಗೊತ್ತಾಗುತ್ತದೆ. ಅದರಲ್ಲೂ ಕುಬಸದ ಬ್ಲೌಸಿಗೆ ನಾನು ಹೆಸರುವಾಸಿ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಶಾಸ್ತ್ರಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಆ ಬ್ಲೌಸಿಗೆ ಎರಡೂ ಪಕ್ಕೆಯಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಬಿಟ್ಟು ಹೊಲಿಯಬೇಕು, ಹೆರಿಗೆಯ ತನಕ ಸಡಿಲಿಸಿಕೊಳ್ಳುತ್ತ ಹೋಗಲು. ಅಂಥವನ್ನು ಎಷ್ಟು ಹೊಲಿದಿದ್ದೇನೋ ಲೆಕ್ಕವಿಟ್ಟಿಲ್ಲ. ಮದುವೆಯಾಗಿ ಹದಿಮೂರು ವರ್ಷವಾಗಿದ್ದರೂ ನನಗಾಗಿ ಒಂದನ್ನು ಹೊಲಿದುಕೊಂಡಿರಲಿಲ್ಲ.

ನನಗೆ ಕೂಸು ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹಬ್ಬಕ್ಕೊಂದು ಸೀರೆ ಬೇಕು, ಮನೆಗೊಂದು ಮಹಡಿ ಬೇಕು ಎನ್ನುವಂಥ ಬೇಕಲ್ಲ. ಉಂಡದ್ದು ಮೈಗೆ ಹತ್ತದಂತೆ ಮಾಡುವ ಬೇಕು. ಹರಪನಹಳ್ಳಿ, ದಾವಣಗೆರೆ ಎಂದು ಡಾಕ್ಟರುಗಳ ಬಳಿ ಅಲೆದೆವು. ಅವರೂ ಕೈಲಾದದ್ದನ್ನು ಮಾಡಿದರು. ಕೊನೆಗೊಬ್ಬ ವಯಸ್ಸಾದ ಡಾಕ್ಟರಮ್ಮ ನನ್ನ ಫೈಲು ಮುಚ್ಚಿ, "ಇನ್ನು ಸ್ವಲ್ಪ ದಿನ ಏನೂ ಮಾಡದೆ ಇದ್ದುಬಿಡಮ್ಮ" ಎಂದರು. ಏನೂ ಮಾಡದೆ ಇರುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ನಾನು ಮಾಡುತ್ತಿದ್ದೆ.

ಆ ಹೊತ್ತಿಗೆ ಕೂಡ್ಲಿಗಿಯ ಗಿರಾಕಿಯೊಬ್ಬಳು ನನಗೆ ಹೊಸ ದಾರಿ ತೋರಿಸಿದಳು. ಅವಳದು ಬ್ಯೂಟಿ ಪಾರ್ಲರು. ಮದುವಣಗಿತ್ತಿಯರ ಬ್ಲೌಸ್ ಹೊಲಿಸಲು ನನ್ನಲ್ಲಿಗೆ ಬರುತ್ತಿದ್ದಳು. ಬಯಸಿದ್ದನ್ನು ಮನಸ್ಸಿನ ಬಲದಿಂದಲೇ ಬರಮಾಡಿಕೊಳ್ಳುವುದನ್ನು ಕಲಿಸುವ ಒಂದು ತರಗತಿಗೆ ಫೋನಿನಲ್ಲೇ ನನ್ನನ್ನು ಸೇರಿಸಿದಳು. ಮ್ಯಾನಿಫೆಸ್ಟೇಷನ್ ಎಂದು ಅದರ ಹೆಸರು. ಕಲಿಸುವ ಮೇಡಂ ಯಾವ ಊರಿನವರೋ ತಿಳಿಯದು, ದನಿ ಮಾತ್ರ ಬೆಣ್ಣೆಯಂಥದ್ದು. "ಬೇಕು ಅಂತ ಬರೀಬೇಡಿ. ಬೇಕು ಅಂದರೆ ನಿಮ್ಮ ಹತ್ತಿರ ಇಲ್ಲ ಅಂತ ಒಪ್ಪಿಕೊಂಡ ಹಾಗೆ. ಬಂದಿದೆ ಅಂತಲೇ ಬರೀರಿ. ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ಮಲಗುವಾಗ ಒಂಬತ್ತು ಸಲ" ಎನ್ನುತ್ತಿದ್ದರು. ಬ್ರಹ್ಮಾಂಡಕ್ಕೆ ಆರ್ಡರ್ ಕೊಡುವುದು ಎಂಬುದು ಅವರ ಮಾತು. ಆರ್ಡರ್ ಎಂದರೆ ನನಗೆ ಚೆನ್ನಾಗಿ ಗೊತ್ತು. ಅಳತೆ ಕೊಡದೆ, ಡಿಸೈನ್ ಹೇಳದೆ, "ಚಂದ ಹೊಲಿ ನೋಡು" ಎಂದು ಬಟ್ಟೆ ಎಸೆದು ಹೋಗುವ ಗಿರಾಕಿಗಳ ಮೇಲೆ ನನಗೆ ಕೆಟ್ಟ ಸಿಟ್ಟು. ಹಾಗಾಗಿ ನನ್ನ ಆರ್ಡರನ್ನು ಬಿಡಿಸಿ ಬರೆದೆ: ‘ನನ್ನ ಕೂಸು ನನ್ನ ಮಡಿಲಿನಲ್ಲಿದೆ. ನಗುತ್ತಿದೆ.’ ಬೇರೆ ನೋಟ್‌ಬುಕ್ ತಂದರೆ ಮನೆಯವರು ಕೇಳಬಹುದೆಂದು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆಯತೊಡಗಿದೆ.

ಆದರೂ ನನ್ನ ಗಂಡನ ಕಣ್ಣಿಗೆ ಬಿತ್ತು. ಅವನು ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳನ್ನು ರಿವೈಂಡಿಂಗ್ ಮಾಡುವವನು. ಒಂದು ಮಾತಿಗೆ ಮೂರು ನಗೆಚಾಟಿಕೆ.

"ಲೇ, ಸುಟ್ಟ ಮೋಟಾರಿಗಿ ‘ನೀ ತಿರುಗಾಕತ್ತೀದಿ, ನೀ ತಿರುಗಾಕತ್ತೀದಿ’ ಅಂತ ಹದಿನೆಂಟು ಸಲ ಬರದ್ರ ನೀರು ಬರ್ತೈತೇನು?"

"ನಿಮ್ಮ ಮೋಟಾರಿಗಿ ಮನಸ್ಸಿಲ್ಲ" ಎಂದೆ.

"ಅದಕ್ಕ ಅದು ಲಗೂ ರಿಪೇರಿ ಆಗೂದು" ಎಂದ. ನಗುತ್ತಲೇ ಹೇಳಿದ. ಪುಸ್ತಕವನ್ನು ಮುಚ್ಚಿ, ಅದಿದ್ದ ಕಡೆಯೇ ಇಟ್ಟು ಹೋದ. ಮತ್ತೆಂದೂ ಅದರ ಮಾತೆತ್ತಲಿಲ್ಲ. ಅವನಿಗೂ ಕೂಸು ಬೇಕಿತ್ತು.

ಮೊದಮೊದಲು ಸಣ್ಣಪುಟ್ಟದ್ದನ್ನು ಕೇಳಿ ಪರೀಕ್ಷಿಸಿ ಎಂದಿದ್ದರು ಮೇಡಂ. ತವರಿಗೆಂದು ಹಡಗಲಿ ಬಸ್ಸಿಗೆ ನಿಂತಾಗ, ಕಿಟಕಿ ಬದಿಯ ಸೀಟು ನನ್ನದಾಗಿದೆ ಎಂದು ಕಣ್ಣು ಮುಚ್ಚಿ ಅಂದುಕೊಂಡೆ. ಸಿಕ್ಕಿತು! ಸಂತೋಷಕ್ಕೆ ಪಕ್ಕದವಳಿಗೆ ಸುಮ್ಮನೆ ನಕ್ಕೆ. ಎರಡು ಊರು ದಾಟುವುದರೊಳಗೆ ಬಸ್ಸು ಕೆಟ್ಟು ನಿಂತು, ಆ ಕಿಟಕಿಯಿಂದ ಒಂದೂವರೆ ತಾಸು ಒಂದೇ ಜಾಲಿಗಿಡ ನೋಡಿದೆ. ಆದರೂ ನಂಬಿಕೆ ಕುಂದಲಿಲ್ಲ. ಸೀಟು ಕೇಳಿದ್ದೆ, ಬಸ್ಸು ಓಡಲಿ ಎಂದು ಕೇಳಿರಲಿಲ್ಲವಲ್ಲ.

ನಮ್ಮ ಮನೆಯಲ್ಲಿ ಈ ವಿದ್ಯೆಯನ್ನು ನನಗಿಂತ ಮುಂಚೆ ಬಲ್ಲವರು ಇನ್ನೊಬ್ಬರಿದ್ದರು. ನನ್ನ ಅತ್ತೆ. ಚಿಗಟೇರಿ ಕಡೆಯವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಬಾಯಲ್ಲಿ ‘ಇಲ್ಲ’ ಎನ್ನುವ ಮಾತೇ ಬರುತ್ತಿರಲಿಲ್ಲ. ಡಬ್ಬಿಯಲ್ಲಿ ಜೋಳದ ಹಿಟ್ಟು ತೀರಿದರೆ "ಹಿಟ್ಟು ಹೆಚ್ಚಾಗೈತಿ, ಗಿರಣಿಗಿ ಹೋಗಬೇಕು" ಎನ್ನುವರು. ಊರಿಗೆ ಹೊರಟವರು ಹೋಗುತ್ತೇನೆ ಎಂದರೆ ನಡುಹಾದಿಯಿಂದ ಕರೆದು, ಬರುತ್ತೇನೆ ಎನ್ನಿಸಿ ಕಳಿಸುವರು. ದೀಪ ಹಚ್ಚುವ ಹೊತ್ತಿನಲ್ಲಿ ನಾನು ಸಿಟ್ಟಿಗೆ ಏನಾದರೂ ಅಂದರೆ ಓಡಿ ಬಂದು ಬಾಯಿಗೆ ಕೈ ಅಡ್ಡ ಇಡುವರು.

"ಅಸ್ತು ದೇವತಿ ಓಡಾಡೂ ಹೊತ್ತಿದು. ನೀ ಅಂದಿದ್ದಕ್ಕ ಅಸ್ತು ಅಂದುಬಿಟ್ರ?"

ಫೋನಿನ ಮೇಡಂ ತಿಂಗಳುಗಟ್ಟಲೆ ಕಲಿಸಿದ್ದೂ ಇದನ್ನೇ. ಒಂದು ದಿನ ಅತ್ತೆಗೆ ಆ ತರಗತಿಯ ಮಾತುಗಳನ್ನು ಕೇಳಿಸಿದೆ. ಅವರು ಅವರೆಕಾಯಿ ಸುಲಿಯುತ್ತ ಕೇಳಿ, "ಚಲೋ ಮಾತಾಡ್ತಾಳ. ಬಾಯಿ ಒಳ್ಳೇದಿರಬೇಕು ಖರೆ. ಕೈ ಏನು ಮಾಡಬೇಕು ಅಂತ ಹೇಳ್ಯಾಳೇನು?" ಎಂದು ಕೇಳಿದರು. ಹಳೆಯ ಕಾಲದವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಕೈಗೆ ಕೆಲಸ ಆಮೇಲೆ ಬಂತು. ಬರುವವರಿಗೆ ಜಾಗ ಮಾಡಿಡಿ, ಬಂದೇಬಿಟ್ಟಿದ್ದಾರೆ ಎಂಬಂತೆ ಸಿದ್ಧತೆ ಮಾಡಿ ಎಂದರು ಮೇಡಂ. ದರ್ಜಿಗೆ ಬೇರೆ ಏನು ತೋಚೀತು? ಗಿರಾಕಿಗಳ ಬ್ಲೌಸಿನಲ್ಲಿ ಉಳಿದ ಖಣದ ತುಂಡುಗಳನ್ನು ಆರಿಸಿದೆ. ಕೆಂಪು, ಹಸಿರು, ನವಿಲುಬಣ್ಣ. ಒಳಗೆ ತೊಳೆದ ಹಳೆಯ ಧೋತರದ ಮೆತ್ತನೆಯ ಅಸ್ತರು ಕೊಟ್ಟು, ಹೊಲಿಗೆಯ ಗಂಟು ನೆತ್ತಿಗೆ ಒತ್ತದಂತೆ ಕೈಯಿಂದಲೇ ಹೆಮ್ ಹಾಕಿ ಒಂದು ಕುಲಾವಿ ಹೊಲಿದೆ. ಎಳೆಗೂಸಿನ ಟೋಪಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಆ ಗಾದೆಯನ್ನು ನಾನೇ ಎಷ್ಟೋ ಗಿರಾಕಿಗಳಿಗೆ ಹೇಳಿ ವಾಪಸು ಕಳಿಸಿದ್ದೇನೆ. ಆದರೂ ಹೊಲಿದೆ. ನನ್ನ ಜನ್ಮದಲ್ಲಿ ಅಷ್ಟು ನೀಟಾಗಿ ಬೇರೇನನ್ನೂ ಹೊಲಿದಿಲ್ಲ. ಟ್ರಂಕಿನ ತಳದಲ್ಲಿ, ನನ್ನ ಧಾರೆ ಸೀರೆಯ ಮಡಿಕೆಯೊಳಗೆ ಅದನ್ನಿಟ್ಟೆ.

ಆಗ ನನಗೆ ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಅದೇನು ದೊಡ್ಡ ವಿಷಯವಲ್ಲ. ಹಿಂದೆಯೂ ಹೀಗೆ ಏರುಪೇರಾಗಿತ್ತು. ಮೆಡಿಕಲ್ ಶಾಪಿನಿಂದ ಪರೀಕ್ಷೆಯ ಪಟ್ಟಿ ತಂದು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ನೋಡಲಿಲ್ಲ. ಪರೀಕ್ಷೆ ಮಾಡುವುದೆಂದರೆ ಅನುಮಾನ ಪಡುವುದು, ಅನುಮಾನ ಪಟ್ಟರೆ ಆರ್ಡರ್ ಕ್ಯಾನ್ಸಲ್ ಎಂದು ಮೇಡಂ ಹೇಳಿದ್ದರು. ನಿಜ ಹೇಳಬೇಕೆಂದರೆ ಅವರ ಮಾತಿಗಿಂತ ನನ್ನ ಅಂಜಿಕೆ ದೊಡ್ಡದಿತ್ತು. ದಿನಾ ಬೆಳಿಗ್ಗೆ ಟೇಪು ತೆಗೆದು ಸೊಂಟ ಅಳೆದುಕೊಳ್ಳುತ್ತಿದ್ದೆ. ಅರ್ಧ ಇಂಚು ಹೆಚ್ಚಾಗಿತ್ತು. ಇನ್ನೊಬ್ಬಳಾಗಿದ್ದರೆ ಒಂದೇ ನೋಟಕ್ಕೆ ಇದು ತುಪ್ಪದ ಅರ್ಧ ಇಂಚು ಎಂದು ಹೇಳಿಬಿಡುತ್ತಿದ್ದೆ.

ತುಪ್ಪ ಬಡಿಸುತ್ತಿದ್ದವರು ಅತ್ತೆ. ಇದ್ದಕ್ಕಿದ್ದಂತೆ ಅವರ ನಡೆ ಬದಲಾಗಿತ್ತು. ಹಂಚಿನಿಂದಿಳಿದ ಮೊದಲ ರೊಟ್ಟಿ ನನ್ನ ತಟ್ಟೆಗೆ. ತುಂಬಿದ ಕೊಡ ಎತ್ತಹೋದರೆ ಕಸಿದುಕೊಳ್ಳುವರು. ಒಂದು ದಿನ ಮಗನನ್ನು ಕರೆದು, "ಆಕಿ ಎಷ್ಟಂತ ಕಾಲಾಗ ತುಳೀಬೇಕೋ? ಊರ ಮಂದಿ ಮೋಟಾರ ಎಲ್ಲಾ ರಿಪೇರಿ ಮಾಡ್ತೀದಿ, ಹೇಂತಿ ಮಿಷಿನಿಗಿ ಒಂದು ಮೋಟಾರ ಕುಂದ್ರಸಾಕ ಆಗೂದಿಲ್ಲೇನು?" ಎಂದು ಬೈದರು. ಅವನು ಮರುದಿನವೇ ತಂದು ಕೂರಿಸಿದ. ಅವನಿಗೇನೂ ಗೊತ್ತಿರಲಿಲ್ಲ. ಅತ್ತೆ ಸೀಗೆಪುಡಿ ಜರಡಿ ಹಿಡಿಯಲು ಹಳೆಯ ಬಟ್ಟೆ ಹುಡುಕುತ್ತ ಟ್ರಂಕು ತೆಗೆದಿದ್ದರು, ಕುಲಾವಿ ಕಂಡಿದ್ದರು ಎಂದು ನನಗೂ ಆಮೇಲಷ್ಟೇ ತಿಳಿದದ್ದು.

ಅವರು ನನ್ನನ್ನೊಂದು ಮಾತು ಕೇಳಬಹುದಿತ್ತು. ಆದರೆ ನಮ್ಮಲ್ಲಿ ಕೇಳುವುದಿಲ್ಲ. ಮೂರು ತಿಂಗಳು ತುಂಬುವ ತನಕ ಬಸಿರಿನ ಮಾತು ಆಡಬಾರದು, ಆಡಿದರೆ ದೃಷ್ಟಿ. ತಿಳಿದವರು ತಿಳಿಯದಂತೆ ಇರಬೇಕು. ಮೂರನೆಯ ತಿಂಗಳಲ್ಲಿ ಹತ್ತಿರದ ಐದು ಜನ ಮುತ್ತೈದೆಯರು ಕೂಡಿ, ಯಾರಿಗೂ ಸಾರದೆ, ಮುಂಚಿತವಾಗಿ ಬಸುರಿಗೂ ಹೇಳದೆ, ಒಂದು ಸಣ್ಣ ಶಾಸ್ತ್ರ ಮಾಡುತ್ತಾರೆ. ಅದಕ್ಕೆ ಕಳ್ಳ ಕುಬಸ ಎಂದು ಹೆಸರು.

ಒಂದು ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಗಿರಾಕಿಯೊಬ್ಬಳ ಮನೆಗೆ ಬ್ಲೌಸ್ ಕೊಟ್ಟು ಬಂದೆ. ಪಡಸಾಲೆಯಲ್ಲಿ ಮಣೆ ಹಾಕಿತ್ತು, ಸುತ್ತ ರಂಗೋಲಿ. ಎದುರುಮನೆಯ ಅಕ್ಕ ಮತ್ತು ಓಣಿಯ ಇನ್ನು ನಾಲ್ವರು ಹಬ್ಬದ ಸೀರೆಯುಟ್ಟು ಕುಳಿತಿದ್ದರು. ಒಬ್ಬರ ಕೈಯಲ್ಲಿ ಹಸಿರು ಖಣ, ಒಬ್ಬರ ಕೈಯಲ್ಲಿ ಹಸಿರು ಬಳೆ. ಮಾವ ತೀರಿಕೊಂಡ ಮೇಲೆ ಅತ್ತೆ ಇಂಥದ್ದರಲ್ಲಿ ಮುಂದೆ ಬರುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದರು. ಅವರ ಮುಖ ನೋಡಿದೆ. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಕಂಡೇ ಇರಲಿಲ್ಲ.

ಆಗ ಹೇಳಬೇಕಿತ್ತು. ‘ತಡೀರಿ, ಇನ್ನೂ ಏನೂ ಖಾತ್ರಿ ಇಲ್ಲ’ ಎಂದರೆ ಮುಗಿಯುತ್ತಿತ್ತು. ಎದುರುಮನೆ ಅಕ್ಕ ನನ್ನ ರಟ್ಟೆ ಹಿಡಿದು, "ನಾಚಿಕಿ ಸಾಕು, ಕುಂದ್ರು ಬಾರವ್ವ" ಎಂದಳು. ನಾನು ಹೋಗಿ ಮಣೆಯ ಮೇಲೆ ಕುಳಿತೆ. ಇಲ್ಲ ಎಂದರೆ ಆರ್ಡರ್ ಕ್ಯಾನ್ಸಲ್ ಆಗುತ್ತದೆ ಎಂದು ಮನಸ್ಸು ಒಂದು ಕಡೆ ಹೇಳುತ್ತಿತ್ತು. ಇನ್ನೊಂದು ಕಡೆ, ಇಷ್ಟು ಜನ ನಂಬಿದ ಮೇಲೆ ಅದು ನಿಜವಾಗದೆ ಎಲ್ಲಿಗೆ ಹೋದೀತು ಎಂಬ ಧೈರ್ಯ. ಉಡಿಯಲ್ಲಿ ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು ಬಿದ್ದವು. ಬಳೆ ಏರಿಸುವಾಗ ಅತ್ತು ಬಿಟ್ಟೆ. ಅವರೆಲ್ಲ ಅದನ್ನು ಸಂತೋಷದ ಅಳು ಎಂದುಕೊಂಡರು. ಸಂತೋಷವೂ ಇತ್ತು, ಸುಳ್ಳೇಕೆ ಹೇಳಲಿ.

ಒಂಬತ್ತು ದಿನ ಕಳೆದ ಮೇಲೆ ಹಗರಿಬೊಮ್ಮನಹಳ್ಳಿಗೆ ಅಸ್ತರಿನ ಬಟ್ಟೆ ತರಲು ಹೋಗಿದ್ದೆ. ಬಟ್ಟೆ ಅಂಗಡಿಯ ಗಾದಿಯ ಅಂಚಿಗೆ ಕುಳಿತು ಬಣ್ಣ ಹೊಂದಿಸುತ್ತಿರುವಾಗ ಹೊಟ್ಟೆಯ ಕೆಳಗೆ ಮುಟ್ಟಿನ ಹಳೆಯ ನೋವು ಎದ್ದಿತು. ಮೂವತ್ತೆಂಟು ವರ್ಷದ ಹೆಂಗಸಿಗೆ ಆ ನೋವಿನ ಗುರುತು ಹೇಳಿಕೊಡಬೇಕಿಲ್ಲ. ಬಟ್ಟೆಯನ್ನು ಅಲ್ಲೇ ಬಿಟ್ಟೆದ್ದೆ. ಗಂಡನ ಅಂಗಡಿ ಎರಡು ಬೀದಿ ಆಚೆಗೇ ಇತ್ತು. ಅಲ್ಲಿಗೂ ಹೋಗಲಿಲ್ಲ. ಕೊಟ್ಟೂರಿನ ಬಸ್ಸು ಹತ್ತಿ, ಸೆರಗು ಮುಖಕ್ಕೆ ಹಿಡಿದು ಕುಳಿತೆ. ಬ್ರಹ್ಮಾಂಡದ ಮೇಲೆ, ಮೇಡಂ ಮೇಲೆ, ಎದುರುಮನೆ ಅಕ್ಕನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ನನ್ನ ಮೇಲೆ ಸಿಟ್ಟು ಬರುವ ಹೊತ್ತಿಗೆ ಊರು ಬಂದಿತ್ತು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ.

"ಅತ್ತೀ, ನಾನು ಬಸುರಿ ಅಲ್ಲ. ಆಗೇ ಇರಲಿಲ್ಲ. ಕುಲಾವಿ ಸುಮ್ಮನ ಹೊಲಿದಿದ್ದೆ."

ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಆಮೇಲೆ ಅದನ್ನು ತೆಗೆದು ಪಕ್ಕಕ್ಕಿಟ್ಟು, ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಮುಗಿಸಿ, "ಉಣ್ಣಾಕ ಬಾ" ಎಂದರು. ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಅವರು ವಿಭೂತಿ ಧರಿಸಿ, ಮಡಿಸಿಟ್ಟ ಸೀರೆ ಉಟ್ಟು ಹೊರಗೆ ಹೋದರು. ಮಧ್ಯಾಹ್ನ ಎದುರುಮನೆ ಅಕ್ಕ ಬಂದು ನನ್ನ ಕೈ ಹಿಡಿದು ಕುಳಿತಾಗ ಎಲ್ಲಿಗೆ ಹೋಗಿದ್ದರೆಂದು ತಿಳಿಯಿತು. ಐದು ಮನೆಗೂ ಹೋಗಿ ಹೊಸ್ತಿಲಲ್ಲಿ ನಿಂತೇ ಹೇಳಿದ್ದರಂತೆ: "ತಪ್ಪು ನಂದು. ನಾನ ಅವಸರ ಮಾಡಿ ನಿಮ್ಮನ್ನ ಕರದೆ. ನನ್ನ ಸೊಸಿನ್ನ ಯಾರೂ ಏನೂ ಕೇಳಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಒಳಗೆ ಬರುತ್ತಿದ್ದಂತೆ ಎಗರಾಡಿದೆ. "ನಿಮಗ ಯಾರು ಹೋಗಂದ್ರು? ಸುಳ್ಳು ಹೇಳಿ ಮಣಿ ಮ್ಯಾಲೆ ಕುಂತಾಕಿ ನಾನು. ನಾನ ಹೇಳ್ತಿದ್ದೆ. ಸತ್ತರ ಸಾಯ್ತಿದ್ದೆ."

ಸಂಜೆಯ ಹೊತ್ತಾಗಿತ್ತು. ಅವರು ಎಂದಿನಂತೆ ಓಡಿ ಬಂದು ಬಾಯಿಗೆ ಕೈ ಇಡಲಿಲ್ಲ. ಗೋಡೆಗೆ ಒರಗಿ ಕುಳಿತು, ನನ್ನನ್ನೂ ಕೂರಲು ಹೇಳಿ, ನಿಧಾನವಾಗಿ ಕೇಳಿದರು.

"ಒಂದು ಮಾತು ಹೇಳು. ನಿನಗ ಬಸರು ಬೇಕೋ, ಕೂಸು ಬೇಕೋ?"

ಇದೇನು ಪ್ರಶ್ನೆ ಎಂದು ಅವರ ಮುಖ ನೋಡಿದೆ.

"ನನ್ನ ಹೆತ್ತಾಕಿ ಮುಖ ನನಗ ಗೊತ್ತಿಲ್ಲ. ಚಿಗಟೇರ್ಯಾಗ ಒಬ್ಬಾಕಿ ಸಾಕಿದಳು. ರಕ್ತಸಂಬಂಧ ಏನಿಲ್ಲ, ಬಾಜೂ ಮನಿಯಾಕಿ. ಆಕಿಗಿ ಯಾರೂ ಕುಬಸ ಮಾಡಿದ್ದಿಲ್ಲ, ಬಾಣಂತನ ಮಾಡಿದ್ದಿಲ್ಲ. ನಾನು ಯವ್ವಾ ಅಂದ್ರ ಆಕೀನ ಓ ಅಂತಿದ್ದಳು. ಆಕಿ ಸತ್ತಾಗ ನಾನು ಎಷ್ಟು ಅತ್ತೀನಿ ಅಂತ ನಿನ್ನ ಮಾವನ್ನ ಕೇಳಬೇಕಿತ್ತು." ಹದಿಮೂರು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದರೂ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಅಂದು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರುತ್ತ ಏನೇನೋ ಅಂದರು. ಒಂದು ಮಾತು ಮಾತ್ರ ನೆನಪಿದೆ: "ಕೇಳೂದು ತಪ್ಪಲ್ಲವ್ವ. ಬಂದೈತಿ ಅಂತ ನಮಗ ನಾವ ಹೇಳಿಕೊಂಡು ಬಾಗಲಾ ಹಾಕ್ಕೊಂಡು ಕುಂದ್ರೂದು ತಪ್ಪು."

ಗಂಡನಿಗೆ ಎಲ್ಲವನ್ನೂ ಹೇಳಿದೆವು. ಅವನು ಆ ದಿನ ನಗೆಚಾಟಿಕೆ ಮಾಡಲಿಲ್ಲ. ದತ್ತು ಪಡೆಯಲು ಸರ್ಕಾರದ್ದೇ ದಾರಿ ಇದೆ, ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು ಎಂದು ತಿಳಿದುಕೊಂಡು ಬಂದವನು ಅವನೇ. ಆಮೇಲೆ ಶುರುವಾದದ್ದು ಕೈಯ ಕೆಲಸ. ಮದುವೆಯ ದಾಖಲೆ, ಆದಾಯದ ಪತ್ರ, ಡಾಕ್ಟರ ಸರ್ಟಿಫಿಕೇಟು ಎಂದು ತಾಲೂಕು ಕಚೇರಿ, ಜಿಲ್ಲೆ ಎಂದು ಓಡಾಡಿದೆವು. ದತ್ತು ಕಚೇರಿಯಿಂದ ಮನೆ ನೋಡಲು ಬಂದ ಮೇಡಂ ಒಬ್ಬರು ಅತ್ತೆಯನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದರು. "ನಾಳೆ ಆ ಮಗು ನಿಮ್ಮ ಮಾತು ಕೇಳದಿದ್ರೆ?" ಎಂದದ್ದಕ್ಕೆ ಅತ್ತೆ, "ಹೆತ್ತ ಮಗ ಎಷ್ಟು ಕೇಳ್ಯಾನ್ರಿ?" ಎಂದರು. ಆ ಮೇಡಂ ಬರೆಯುವುದನ್ನು ಬಿಟ್ಟು ನಕ್ಕರು.

ಕಾಯುವುದು ಮೂರು ವರ್ಷ ಹಿಡಿಯಿತು. ಬರೆಯುವುದನ್ನು ನಾನು ಬಿಡಲಿಲ್ಲ. ಇದನ್ನು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಬೆಳಿಗ್ಗೆ ಎದ್ದು ಬೇಕಾದದ್ದನ್ನು ಬರೆದರೆ ಆ ದಿನ ಕಾಲು ಆ ಕಡೆಗೆ ಎರಡು ಹೆಜ್ಜೆ ಹಾಕುತ್ತದೆ. ಯಾವ ಕಚೇರಿಗೆ ಫೋನ್ ಮಾಡಬೇಕು, ಯಾವ ಕಾಗದ ಬಾಕಿ ಇದೆ ಎಂದು ನೆನಪಾಗುತ್ತದೆ. ಅಷ್ಟರ ಮಟ್ಟಿಗೆ ಆ ವಿದ್ಯೆಗೆ ನಾನು ಋಣಿ. ಆದರೆ ಬಂದಿದೆ ಎಂದು ಬರೆಯುವುದನ್ನು ಬಿಟ್ಟೆ. ಬೇಕು ಎಂದೇ ಬರೆಯುತ್ತಿದ್ದೆ. ಇಲ್ಲದ್ದನ್ನು ಇಲ್ಲ ಎಂದು ಒಪ್ಪಿಕೊಂಡರೆ ಬ್ರಹ್ಮಾಂಡ ಮುನಿಸಿಕೊಳ್ಳುವುದಾದರೆ ಮುನಿಸಿಕೊಳ್ಳಲಿ, ಅದಕ್ಕಿಂತ ಹೆಚ್ಚು ಮುನಿಸು ನನಗೂ ಬರುತ್ತದೆ.

ಕೊನೆಗೊಂದು ದಿನ ಫೋನು ಬಂತು. ದೂರದ ಊರಿನ ಶಿಶು ಕೇಂದ್ರದಿಂದ ನಮ್ಮ ಮಗಳನ್ನು ಕರೆತಂದೆವು. ಮೂರೂವರೆ ವರ್ಷ. ಬಾಗಿಲಲ್ಲಿ ಆರತಿ ಎತ್ತಲು ಎದುರುಮನೆ ಅಕ್ಕನನ್ನು ಕರೆಯಹೊರಟ ಅತ್ತೆಯ ಕೈಗೆ ನಾನೇ ತಟ್ಟೆ ಕೊಟ್ಟೆ. "ನೀವ ಎತ್ತಬೇಕು. ಇಲ್ಲಾಂದ್ರ ನಾವು ಒಳಗ ಬರೂದಿಲ್ಲ" ಎಂದೆ. ಅವರು ತಟ್ಟೆ ಎತ್ತುವಾಗ ದೀಪ ಒಂದು ಸಲ ವಾಲಿತು. ಮಗಳು ಯಾರ ಮುಖವನ್ನೂ ನೋಡದೆ ಆ ದೀಪವನ್ನೇ ನೋಡುತ್ತಿದ್ದಳು.

ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಸಲ ಬರೆದಿರಬೇಕು ನಾನು, ನನ್ನ ಕೂಸು, ನನ್ನ ಮಡಿಲು ಎಂದು. ಆ ಕೂಸು ನನ್ನ ಮಡಿಲಿಗೆ ಬರಲಿಲ್ಲ. ಟ್ರಂಕಿನಿಂದ ತೆಗೆದುಕೊಟ್ಟ ಕುಲಾವಿ ಅವಳ ತಲೆಗೆ ಹಿಡಿಸಲಿಲ್ಲ. ಅದನ್ನು ತನ್ನ ಮೊಣಕಾಲಿಗೆ ತೊಡಿಸಿ, ಸ್ವಲ್ಪ ಹೊತ್ತು ನೋಡಿ, ತೆಗೆದಿಟ್ಟಳು. ಅವಳಿಗೆ ಬೇಕಾದವರು ಬೇರೆ ಇದ್ದರು. ಕೇಂದ್ರದಲ್ಲಿ ಅವಳನ್ನು ಎಳೆತನದಿಂದ ನೋಡಿಕೊಂಡ ಒಬ್ಬ ಆಯಾ. ಆ ಹೆಂಗಸಿನ ಪಾಳಿ ಶುರುವಾಗುತ್ತಿದ್ದದ್ದು ಮಧ್ಯಾಹ್ನ ನಾಲ್ಕಕ್ಕಂತೆ. ನಮ್ಮ ಮನೆಯಲ್ಲಿಯೂ ನಾಲ್ಕಾಗುತ್ತಿದ್ದಂತೆ ಮಗಳು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ಕೂರುವಳು. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಓಣಿಯ ತಿರುವನ್ನು ನೋಡುತ್ತ, ಕತ್ತಲಾಗುವ ತನಕ ಕುಳಿತಿರುವಳು. ಆಮೇಲೆ ತಾನೇ ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಉಣ್ಣುವಳು.

ಮೊದಲ ವಾರ ನಾನು ಹಳೆಯ ಚಾಳಿಗೆ ಬಿದ್ದು, ‘ನನ್ನ ಮಗಳು ಈ ಮನೆಯಲ್ಲಿ ಸಂತೋಷವಾಗಿದ್ದಾಳೆ’ ಎಂದು ಬರೆಯತೊಡಗಿದೆ. ಆರನೆಯ ಸಾಲಿಗೆ ತಲೆಯೆತ್ತಿ ನೋಡಿದರೆ ಎದುರಿಗೇ ಆ ಪುಟ್ಟ ಬೆನ್ನು. ಸಂತೋಷವಾಗಿಲ್ಲದ ಕೂಸಿನ ಹಿಂದೆ ಕುಳಿತು ಸಂತೋಷವಾಗಿದ್ದಾಳೆ ಎಂದು ಬರೆಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನನ್ನ ಬಯಕೆಯಲ್ಲಿ ನಾನಿದ್ದೆ, ಅವಳೂ ಇದ್ದಳು. ಅವಳಿಗೂ ಒಂದು ಬಯಕೆ ಇರಬಹುದು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಪುಸ್ತಕ ಮುಚ್ಚಿ ಎದ್ದು, ಹೊಸ್ತಿಲಿಗೆ ಹೋಗಿ ಅವಳ ಪಕ್ಕ ಕುಳಿತೆ.

"ಆಯಾ ಬರಬೇಕಾ?" ಎಂದೆ.

ತಲೆಯಾಡಿಸಿದಳು.

"ಇವತ್ತು ಬರೂದಿಲ್ಲವ್ವ. ನಾಳಿನೂ ಬರೂದಿಲ್ಲ. ಆಕಿಗೆ ನಿನ್ನ ಮ್ಯಾಲೆ ಭಾಳ ಪ್ರೀತಿ ಐತಿ. ಖರೆ, ಬರಾಕ ಆಗೂದಿಲ್ಲ."

ಆಗ ಅತ್ತಳು. ನಮ್ಮ ಮನೆಗೆ ಬಂದ ಮೇಲೆ, ಮೊದಲ ಸಲ. ಇಲ್ಲ ಎನ್ನುವ ಮಾತನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಒಳಗಿನಿಂದ ಅತ್ತೆ ಬೈದಾರೆಂದು ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಂದ್ರದವರನ್ನು ಕೇಳಿಕೊಂಡು ಆ ಆಯಾ ಜೊತೆ ಫೋನಿನಲ್ಲಿ ಮಾತಾಡಿಸಿದೆ. ಮಗಳು ಫೋನನ್ನು ಕಿವಿಗೆ ಒತ್ತಿ ಹಿಡಿದು, ಒಂದು ಮಾತೂ ಆಡದೆ, ಪೂರ್ತಿ ಕೇಳಿ ವಾಪಸು ಕೊಟ್ಟಳು. ಆಮೇಲೆ ದಿನಾ ನಾಲ್ಕಕ್ಕೆ ನಾನೂ ಹೊಸ್ತಿಲಲ್ಲಿ ಕೂರತೊಡಗಿದೆ. ಇಬ್ಬರೂ ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದೆವು. ಗಿರಾಕಿಗಳು ಬೈದುಕೊಂಡರು, ಎರಡು ಮದುವೆಯ ಬ್ಲೌಸು ತಡವಾದವು. ಬೈದವರಿಗೆ ನಾನೂ ಬೈದೆ. ದಿನ ಕಳೆದಂತೆ ನಾಲ್ಕು ಗಂಟೆ ಅವಳಿಗೆ ಮರೆಯುತ್ತ ಬಂತು. ಒಂದು ದಿನ ಕೂತಳು, ಎರಡು ದಿನ ಕೂರಲಿಲ್ಲ. ಅತ್ತೆಯನ್ನು ಅವ್ವ ಎಂದಳು, ನನ್ನ ಗಂಡನನ್ನು ಅಪ್ಪ ಎಂದಳು. ನನ್ನನ್ನು ಮಾತ್ರ ಗಿರಾಕಿಗಳು ಕರೆಯುವಂತೆ ಟೇಲರಮ್ಮ ಎನ್ನುತ್ತಿದ್ದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ತಿದ್ದಲಿಲ್ಲ.

ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಗೆ ಬಟ್ಟೆ ತರಲು ಒಬ್ಬಳೇ ಹೋಗಿದ್ದೆ. ಅವಳು ಬಂದ ಮೇಲೆ ನಾನು ಮನೆ ಬಿಟ್ಟು ಅಷ್ಟು ಹೊತ್ತು ಹೊರಗಿದ್ದದ್ದು ಅದೇ ಮೊದಲು. ಮಧ್ಯಾಹ್ನದ ಬಸ್ಸಿಳಿದು ಓಣಿಯ ತಿರುವಿಗೆ ಬಂದರೆ, ಮಗಳು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ಕುಳಿತಿದ್ದಾಳೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ. ಒಂದು ತಿಂಗಳಿಂದ ಅವಳು ಹಾಗೆ ಕುಳಿತಿರಲಿಲ್ಲ.

"ಮತ್ತ ಶುರುವಾತೇನ್ರಿ ಅತ್ತೀ? ಆಯಾ ಕಡಿ ಹೋಗಬೇಕಂತೇನು?" ಎಂದು ಅಲ್ಲಿಂದಲೇ ಕೂಗಿದೆ.

ಅತ್ತೆ ಮೊರವನ್ನು ಕೆಳಗಿಟ್ಟರು. "ಹೋಗಾಕಲ್ಲಲೇ ಹುಚ್ಚಿ. ನೀ ಬಸ್ ಹತ್ತಿದಾಗಿಂದ ಕುಂತಾಳ. ಟೇಲರಮ್ಮ ಯಾವಾಗ ಬರ್ತಾಳ, ಯಾವಾಗ ಬರ್ತಾಳ ಅಂತ ನನ್ನ ತಲಿ ತಿಂದಿಟ್ಟಾಳ. ರೊಟ್ಟಿನೂ ಮುಟ್ಟಿಲ್ಲ."

ಇಷ್ಟು ವರ್ಷ ಒಬ್ಬರು ಬರಲಿ ಎಂದು ಕಾದವಳು ನಾನು. ನನಗಾಗಿ ಒಬ್ಬರು ಹೀಗೆ ಕಾಯುತ್ತ ಕೂರಲಿ ಎಂದು ಒಂದು ಸಲವೂ ಬರೆದಿರಲಿಲ್ಲ.

ಅವಳು ಎದ್ದು ಬಂದು ನನ್ನ ಕೈಚೀಲದ ಒಂದು ಕಿವಿ ಹಿಡಿದುಕೊಂಡಳು. ಸಿಟ್ಟು ಬಂದಿತ್ತು, ಥೇಟ್ ನನ್ನದೇ ಸಿಟ್ಟು.

"ಭಾಳ ತಡ ಮಾಡ್ದಿ" ಎಂದಳು.

"ಹೌದವ್ವ" ಎಂದೆ, "ಭಾಳ ತಡ ಆತು."